ಚಾಪೆಯ ಕೆಳಗಿನ ನೆಲ

ಫೆಬ್ರವರಿ ೧೧

ಕತ್ತರೀ,

ಅಳತೆ ಕತ್ತರಿಸಿ ಉಳಿದ ಬ್ರೌನ್ ಪೇಪರಿನ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಚಿಕ್ಕವಳಿದ್ದಾಗ ನಿನ್ನ ಬಾಯಿ ನಿಲ್ಲುತ್ತಲೇ ಇರಲಿಲ್ಲ, ಅದಕ್ಕೇ ನಿನಗೆ ಆ ಹೆಸರಿಟ್ಟದ್ದು. ಈಗ ಫೋನಿನಲ್ಲಿ ಬರೀ "ಹ್ಞೂಂ, ಆಮೇಲೆ?" ಅನ್ನುತ್ತೀಯ. ನಾನು ಹೇಳಬೇಕೆಂದುಕೊಂಡದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಕಾಗದವಾದರೆ ನಿಧಾನವಾಗಿ ಕೇಳಿಸಿಕೊಳ್ಳುತ್ತದೆ.

ನೀನು ಹೋದಮೇಲೆ ಮನೆ ಬಿಕೋ ಅನ್ನುತ್ತಿದೆ. ಅಪರೂಪಕ್ಕೆ ಬಂದ ಮಗಳು ಕಾಲು ಚಾಚಿ ಮಲಗುವುದು ಬಿಟ್ಟು ಅಮ್ಮನ ಹೊಲಿಗೆ ಕೋಣೆ ಗುಡಿಸುತ್ತಾಳೆ ಎಂದರೆ ಯಾರಾದರೂ ನಂಬುತ್ತಾರಾ? ನಾನು ಪಕ್ಕದ ಬೀದಿಗೆ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಮಿಷನ್ನನ್ನು ಗೋಡೆಗೆ ಸರಿಸಿ, ಮರದ ನೆಲ ಒರೆಸಿ ಫಳಫಳ ಮಾಡಿಟ್ಟಿದ್ದೆ. ಖುಷಿಯಾಯಿತು. ಒಂದು ಅನುಮಾನವೂ ಬಂತು, ಸುಳ್ಳು ಯಾಕೆ ಹೇಳಲಿ. ಇಸ್ತ್ರಿ ಮೇಜಿನ ಪಕ್ಕದ ಚಾಪೆಯನ್ನು ನೀನು ತಿರುಗಿಸಿ ಹಾಸಿದ್ದೀಯ. ಇಲಿ ಕಡಿದ ಮೂಲೆ ಯಾವಾಗಲೂ ಗೋಡೆಯ ಕಡೆ ಇರುತ್ತದೆ, ಈಗ ಬಾಗಿಲ ಕಡೆ ಇದೆ.

ಆ ಚಾಪೆ ಎತ್ತಬೇಡ ಎಂದು ನಿನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಎತ್ತಿದ್ದರೆ ಎತ್ತಿದೆ ಅನ್ನು. ನಾನೇನು ನಿನ್ನನ್ನು ತಿಂದುಬಿಡುತ್ತೇನಾ?

ಕೆಳಮನೆಯಾಕೆ, ನಿನ್ನ ಮಗಳಿಗೆ ಏನು ಕೆಲಸ ಎಂದು ಕೇಳಿದಳು. ಮನೆಗಳಿಗೆ ನೆಲ ಮಾಡುವ ಕಂಪನಿ ಎಂದೆ. ನೆಲ ಮಾಡುವುದಕ್ಕೂ ಓದಬೇಕಾ ಎಂದಳು. ಸ್ವಲ್ಪ ಬಿಡಿಸಿ ಬರೆ, ಅವಳ ಬಾಯಿ ಮುಚ್ಚಿಸಬೇಕು.

ಅಮ್ಮ


ಫೆಬ್ರವರಿ ೨೫

ಅಮ್ಮಾ,

ಚಾಪೆ ಎತ್ತಿದ್ದು ನಿಜ. ಕೆಳಗೆ ಧೂಳಿತ್ತು, ಒರೆಸಿದೆ, ಮತ್ತೆ ಹಾಸಿದೆ. ಅಷ್ಟೇ. ಅದಕ್ಕೊಂದು ವಿಚಾರಣೆ ಬೇಡ.

ಕೆಳಮನೆ ಆಂಟಿಗೆ ಹೀಗೆ ಹೇಳು. ಈಗ ನೆಲ ಅಂದರೆ ಕಲ್ಲು, ಮರ ಎಂದು ಎರಡೇ ಅಲ್ಲ. ಮರವನ್ನು ಕಡಿಯದೆ ತೊಗಟೆ ಮಾತ್ರ ಸುಲಿದು ಮಾಡುವ ಕಾರ್ಕ್ ನೆಲವಿದೆ. ಬರಿಗಾಲಲ್ಲಿ ನಿಂತರೆ ಕಾಲಿಗೆ ಮೆತ್ತಗೆ, ಚಳಿಯಲ್ಲೂ ಬೆಚ್ಚಗೆ. ರದ್ದಿ ಕಾಗದವನ್ನು ಒತ್ತಿ ಮಾಡಿದ ಅಡುಗೆಕಟ್ಟೆ ಇದೆ. ಒಡೆದ ಬಾಟಲಿಗಳ ಚೂರು ಬೆರೆಸಿದ ಟೈಲು ಇದೆ. ನಮ್ಮ ವಿಭಾಗದ್ದು ಹಲಗೆ. ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ಕಿನ ಜೊತೆ ಕಲಸಿ ಮಾಡಿದ ತೆಳುವಾದ ಹಲಗೆ, ಅದರ ಮೇಲೆ ನಿಜವಾದ ಮರವೊಂದರ ಚಿತ್ರ. ಬರೀ ಚಿತ್ರವಲ್ಲ. ಮರದಲ್ಲಿ ಎಲ್ಲಿ ತಗ್ಗಿತ್ತೋ ಹಲಗೆಯಲ್ಲೂ ಅಲ್ಲೇ ತಗ್ಗು, ಎಲ್ಲಿ ಸೀಳಿತ್ತೋ ಅಲ್ಲೇ ಸೀಳು. ಕೈಯಾಡಿಸಿದರೆ ಬಡಗಿಯೂ ಮೋಸಹೋಗಬೇಕು. ನೀರು ಬಿದ್ದರೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ.

ಈಗಿನ ಜನಕ್ಕೆ ಹೊಸ ಮರದ ಚಿತ್ರ ಬೇಡವಂತೆ. ಸವೆದದ್ದು, ಬಾಳಿದ್ದು ಬೇಕಂತೆ. ಒಬ್ಬೊಬ್ಬರೂ ಒಂದೊಂದು ಹಳೇ ನೆಲ ಹುಡುಕಿ ಅದರ ಚಿತ್ರ ತನ್ನಿ ಎಂದು ನಮ್ಮ ಮುಖ್ಯಸ್ಥರು ಹೇಳಿದ್ದರು. ನಾನು ತಂದದ್ದು ಅವರಿಗೆ ತುಂಬಾ ಹಿಡಿಸಿದೆ. ಅದರ ವಿಷಯ ಇನ್ನೊಮ್ಮೆ ಹೇಳುತ್ತೇನೆ.

ಕೆಲಸ ಜಾಸ್ತಿ ಇದೆ. ಸ್ವಲ್ಪ ದಿನ ಕಾಗದ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಮಗಳು


ಸೆಪ್ಟೆಂಬರ್ ೧೬

ಕತ್ತರೀ,

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಓದಿ ಆದಮೇಲೆ ನೀನು ಏನು ಹೇಳಬೇಕೋ ಹೇಳು.

ಮಾರುಕಟ್ಟೆ ಬೀದಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಹೊಸದಾಗಿ ಕ್ಲಿನಿಕ್ ತೆರೆದಿದ್ದಾರೆ. ಕಾಯುವ ಕೋಣೆಗೆ ಪರದೆ ಹೊಲಿಯಬೇಕು ಎಂದು ಅವರ ಹೆಂಡತಿ ಕರೆಸಿದ್ದರು. ಟೇಪು ಕೊರಳಿಗೆ ಹಾಕಿಕೊಂಡು ಹೋದೆ. ಮರದ ನೆಲ. ಎಷ್ಟು ಚೆನ್ನಾಗಿದೆ, ಯಾರೋ ಅನುಕೂಲಸ್ಥರು ಅಂದುಕೊಂಡೆ. ಕಿಟಕಿ ಅಳೆಯುವಾಗ ಟೇಪಿನ ತುದಿ ಕೈತಪ್ಪಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಏಳಲು ಆಗಲಿಲ್ಲ.

ನೆಲದ ಮೇಲೆ ಇಸ್ತ್ರಿಪೆಟ್ಟಿಗೆಯ ಕರಿ ಗುರುತು. ಮುಂದೆ ಚೂಪು, ಹಿಂದೆ ಅಗಲ. ಎಡಗಡೆಯ ಅಂಚು ಮಸುಕು, ಯಾಕೆಂದರೆ ನಮ್ಮ ಹಳೇ ಪೆಟ್ಟಿಗೆ ಆ ಕಡೆ ಸರಿಯಾಗಿ ಕಾಯುತ್ತಿರಲಿಲ್ಲ. ಗುರುತಿನ ಸುತ್ತ ಮರ ಬಿಳಿಚಿಕೊಂಡಿತ್ತು. ಸ್ವಲ್ಪ ದೂರ ಹೋಗಿ, ಗೆರೆ ಎಳೆದ ಹಾಗೆ ಬಿಳುಪು ನಿಂತು ಕಂದು ಶುರುವಾಗಿತ್ತು. ಬಿಸಿಲು ಕಾಣದ ಮರ ಹಾಗಾಗುತ್ತದೆ, ಚಾಪೆ ಹಾಸಿದ ಕಡೆ. ಆ ಗೆರೆಯ ಮೂಲೆಯಲ್ಲಿ ಒಂದು ಕಚ್ಚು. ಇಲಿ ಕಡಿದದ್ದು. ಅದನ್ನು ಕಂಡಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ನಾನು ಉಗುರಿನಿಂದ ಕೆರೆದೆ. ಕೆರೆದರೆ ಹೋಗುತ್ತದೆ ಎಂದುಕೊಂಡೆನೋ ಏನೋ. ತಲೆಯೆತ್ತಿದರೆ ಕುರ್ಚಿಯ ಕೆಳಗೆ ಇನ್ನೊಂದು, ಬಾಗಿಲ ಹತ್ತಿರ ಮತ್ತೊಂದು. ಎಲ್ಲವೂ ಅದೇ ಗುರುತು. ಕೋಣೆಯ ತುಂಬ ಯಾರೋ ನನ್ನನ್ನು ಹರಡಿಟ್ಟ ಹಾಗಿತ್ತು.

ಡಾಕ್ಟರ ಹೆಂಡತಿ ನಕ್ಕರು. ಅದು ಕೊಳೆಯಲ್ಲ, ಡಿಸೈನು, ಎಲ್ಲರೂ ಹೀಗೇ ಒರೆಸಲು ಹೋಗುತ್ತಾರೆ ಎಂದರು. ಆ ಕಲೆ ಇದೆ ಎಂದೇ ಈ ಹಲಗೆಗೆ ಬೇಡಿಕೆಯಂತೆ. ಯಾವಳೋ ಪುಣ್ಯಾತ್ಗಿತ್ತಿ ಇಸ್ತ್ರಿ ಹಾಕುತ್ತಾ ನಿದ್ದೆ ಹೊಡೆದಿದ್ದಾಳೆ, ನಮಗೆ ಒಳ್ಳೆಯದಾಯಿತು ಎಂದು ಡಾಕ್ಟರು ಬಂದವರಿಗೆಲ್ಲ ಹೇಳಿ ನಗಿಸುತ್ತಾರಂತೆ. ನಾನೂ ಹಲ್ಲು ಕಿರಿದೆ. ಹಲ್ಲಿನ ಡಾಕ್ಟರ ಮನೆಯಲ್ಲಿ ಇನ್ನೇನು ಮಾಡಲಿ.

ಇದು ಯಾರ ಮನೆಯ ನೆಲವಂತೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಯಾರದ್ದೂ ಅಲ್ಲ. ಎಲ್ಲೋ ಒಂದು ಪಾಳುಮನೆಯಂತೆ, ಅಲ್ಲಿ ಈಗ ಯಾರೂ ಇಲ್ವಂತೆ. ಕಂಪನಿಯವರೇ ಹಾಗೆ ಹೇಳಿದ್ದಾರೆ ಅಂತ ಶೋರೂಮಿನಲ್ಲಿ ಹೇಳಿದ್ರು."

ಪರದೆಯ ಅಳತೆ ತಪ್ಪಾಗಿ ಬರೆದುಕೊಂಡು ಬಂದಿದ್ದೇನೆ, ಇನ್ನೊಮ್ಮೆ ಹೋಗಬೇಕು. ಹೋಗುವ ಮುಖ ನನಗಿಲ್ಲ. ಅವರಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಆದರೂ ದಾರಿಯುದ್ದಕ್ಕೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ನನ್ನ ನೆಲವನ್ನು ನೀನು ಹೇಳದೆ ಕೇಳದೆ ತೆಗೆದುಕೊಂಡು ಹೋದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅಷ್ಟು ನನಗೂ ಅರ್ಥವಾಗುತ್ತದೆ. ಆದರೆ ಯಾರೂ ಇಲ್ಲದ ಮನೆ ಎಂದು ಹೇಳಿದ್ದು ಯಾರು? ನಾನು ಇದ್ದೆನಲ್ಲ, ಕತ್ತರಿ. ಅವತ್ತೂ ಇದ್ದೆ. ಈಗಲೂ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಅಮ್ಮ


ಸೆಪ್ಟೆಂಬರ್ ೨೪

ಅಮ್ಮಾ,

ಹೇಳಿದ್ದು ನಾನೇ.

ಫೋನ್ ಮಾಡಲು ಕೈಗೆತ್ತಿಕೊಂಡೆ, ಇಟ್ಟೆ. ನಿನ್ನ ದನಿ ಕೇಳಿದರೆ ನಾನು ಮತ್ತೆ ಏನಾದರೊಂದು ಸುಳ್ಳು ಹೊಸೆಯುತ್ತೇನೆ ಎಂದು ನನಗೇ ಭಯವಾಯಿತು.

ಅವತ್ತು ನೀನು ಬಟ್ಟೆ ಕೊಡಲು ಹೋದಾಗ ಇಡೀ ಕೋಣೆಯ ನೆಲವನ್ನು ಆಫೀಸಿನವರು ಕೊಟ್ಟಿದ್ದ ಕೈಯಂತ್ರದಲ್ಲಿ ಸ್ಕ್ಯಾನ್ ಮಾಡಿಕೊಂಡೆ. ಚಾಪೆಯ ಜಾಗ ಬಿಟ್ಟುಬಿಡೋಣ ಎಂದೇ ಇದ್ದೆ. ಸುಮ್ಮನೆ ಎತ್ತಿ ನೋಡಿದೆ. ಆ ಕರಿ ಗುರುತು, ಸುತ್ತಲಿನ ಬಿಳುಪು, ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನನ್ನ ಕಣ್ಣಿಗೆ ಆಗ ಕಂಡದ್ದು ಅಷ್ಟೇ.

ಆಫೀಸಿನಲ್ಲಿ ಎಲ್ಲರೂ ತಂದದ್ದನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಒಬ್ಬಳು ಹಳೇ ಗ್ರಂಥಾಲಯದ ನೆಲ ತಂದಿದ್ದಳು, ಇನ್ನೊಬ್ಬ ಯಾವುದೋ ನಾಟಕಶಾಲೆಯದ್ದು. ನನ್ನದು ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಪಕ್ಕದ ಮೇಜಿನವನು, ಯಾವ ಸೋಮಾರಿ ಹೆಂಗಸಿನ ಮನೆಯಪ್ಪಾ ಇದು, ಗಂಡ ಓಡಿಹೋಗಿರಬೇಕು ಎಂದ. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು.

ನಾನೂ ನಕ್ಕೆ, ಅಮ್ಮ.

ನಗು ಇನ್ನೂ ಮುಖದ ಮೇಲಿತ್ತು, ಮುಖ್ಯಸ್ಥರು ಯಾರ ಮನೆ ಎಂದು ಕೇಳಿದರು. ನಕ್ಕ ಬಾಯಲ್ಲಿ ನಮ್ಮಮ್ಮನ ಮನೆ ಎಂದು ಹೇಗೆ ಹೇಳಲಿ? ಪಾಳುಮನೆ ಸರ್, ಯಾರೂ ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಎಂದರೆ, ಮೊದಲೇ ಯೋಚಿಸಿಟ್ಟುಕೊಂಡಿದ್ದೆನಾ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ನಾನು ಯಾರ ಮಗಳು ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಅಮ್ಮ ಬಟ್ಟೆಯ ವ್ಯವಹಾರದಲ್ಲಿದ್ದಾರೆ ಎಂದಷ್ಟೇ ಹೇಳಿದ್ದೇನೆ.

ಆ ಗುರುತನ್ನು ತೆಗೆಸುತ್ತೇನೆ. ಏನಾದರೂ ಮಾಡುತ್ತೇನೆ. ಒಂದು ಸಾಲು ಬರೆ.

ನಿನ್ನ ಮಗಳು


ಅಕ್ಟೋಬರ್ ೧೯

ಅಮ್ಮಾ,

ಟಪಾಲಿನವನು ಬಂದಾಗಲೆಲ್ಲ ಕೆಳಗಿಳಿದು ನೋಡುತ್ತೇನೆ. ನಿನಗೆ ಫೋನ್ ಮಾಡಿದರೆ ಕೆಳಮನೆ ಆಂಟಿ ಎತ್ತುತ್ತಾರೆ, ನೀನು ಮಿಷನ್ನಿನ ಮುಂದೆ ಕೂತಿದ್ದೀಯ ಅನ್ನುತ್ತಾರೆ. ಅವರ ಹಿಂದೆ ಮಿಷನ್ನಿನ ಸದ್ದು ಮಾತ್ರ ಕೇಳುವುದಿಲ್ಲ.

ಮುಖ್ಯಸ್ಥರ ಹತ್ತಿರ ಹೋಗಿ ಆ ಗುರುತು ತೆಗೆಯೋಣ ಎಂದೆ. ತಲೆ ಕೆಟ್ಟಿದೆಯಾ ಎಂದರು. ಆ ಹಲಗೆಯ ತಗ್ಗುದಿಣ್ಣೆ ಒತ್ತುವ ಉಕ್ಕಿನ ಅಚ್ಚು ಮಾಡಿಸಿಯಾಗಿದೆ, ಗೋದಾಮು ತುಂಬಿದೆ, ಜನ ಕೇಳುತ್ತಿರುವುದೇ ಆ ಕಲೆಯನ್ನು ಎಂದರು. ನಾನು ಬಿಡಲಿಲ್ಲ. ಗುರುತು ತಪ್ಪುತಪ್ಪಾಗಿ ಬಂದಿದೆ, ನನಗೆ ಸಮಾಧಾನವಿಲ್ಲ ಎಂದು ಏನೇನೋ ಹೇಳಿದೆ. ನಿಜವಾದ ಕಾರಣ ಬಾಯಿಗೆ ಬರಲಿಲ್ಲ. ಕೊನೆಗೆ, ಗುರುತಿಲ್ಲದ್ದೊಂದು ಮಾಡಿ ನೋಡೋಣ, ಮುಂದಿನ ಸರಕಿಗೆ ಅದನ್ನೇ ಹಾಕಬಹುದು ಎಂದು ಒಪ್ಪಿದರು.

ಅದರ ಸ್ಯಾಂಪಲ್ ಜೊತೆಗಿಟ್ಟಿದ್ದೇನೆ. ಕೈಯಾಡಿಸಿ ನೋಡು. ಕಲೆಯಿಲ್ಲ, ಬಿಳುಪಿಲ್ಲ, ಇಲಿಯ ಕಚ್ಚೂ ಇಲ್ಲ. ನೀನು ಹೂಂ ಅಂದರೆ ಸಾಕು.

ನಿನ್ನ ಮಗಳು


ನವೆಂಬರ್ ೮

ಕತ್ತರೀ,

ಸ್ಯಾಂಪಲ್ ವಾಪಸು ಕಳಿಸುತ್ತಿದ್ದೇನೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಅದು ಯಾರ ಮನೆಯ ನೆಲವೂ ಅಲ್ಲ.

ಇಷ್ಟು ದಿನ ಬರೆಯಲಿಲ್ಲ ಎಂದರೆ ಸಿಟ್ಟಿತ್ತು. ನೀನು ನಕ್ಕದ್ದನ್ನು ಓದಿ ಕಾಗದವನ್ನು ಮಿಷನ್ನಿನ ಡ್ರಾಯರಿಗೆ ತುರುಕಿದ್ದೆ. ಆಮೇಲೆ ಯೋಚಿಸಿದೆ. ಆ ಗುರುತಿನ ವಿಷಯದಲ್ಲಿ ನಾನು ನಿನಗೆ ಯಾವತ್ತು ನಿಜ ಹೇಳಿದ್ದೇನೆ? ಬೆಕ್ಕು ಇಸ್ತ್ರಿಪೆಟ್ಟಿಗೆ ಬೀಳಿಸಿತು ಎಂದು ನಿನಗೂ ಹೇಳಿದೆ, ನಿನ್ನ ಬಾಯಿಂದ ಶಾಲೆಯಲ್ಲೂ ಹೇಳಿಸಿದೆ. ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಬೆಕ್ಕೇ ಇರಲಿಲ್ಲ. ಇದ್ದಿದ್ದರೆ ಇಲಿ ಚಾಪೆ ಕಡಿಯುತ್ತಿತ್ತಾ?

ಆ ಗುರುತಿಗೆ ಕಾರಣ ನಿನ್ನ ಅಪ್ಪನ ಕೋಟು. ಕಡುನೀಲಿ. ಹೊಸ ಕೆಲಸಕ್ಕೆ ಸೇರುತ್ತಿದ್ದೇನೆ, ಒಳ್ಳೆಯದೊಂದು ಹೊಲಿ ಎಂದಿದ್ದರು. ನಾನು ಅದಕ್ಕಿಂತ ಒಳ್ಳೆಯ ಕೋಟು ಅದರ ಮೊದಲೂ ಹೊಲಿದಿಲ್ಲ, ಆಮೇಲೂ ಹೊಲಿದಿಲ್ಲ. ಒಳಗೆ ರೇಷ್ಮೆಯ ಲೈನಿಂಗು, ಗುಂಡಿ ಹಾಕುವ ಕಾಜಾ ಎಲ್ಲ ಕೈಯಲ್ಲೇ. ಕೊನೆಯ ಇಸ್ತ್ರಿ ಹಾಕುತ್ತಿದ್ದಾಗ ಕೆಳಮನೆಯಾಕೆ ಮೇಲೆ ಬಂದು ಹೇಳಿದಳು, ಅವರು ಹೊಳೆಯ ಆಚೆ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾರೆ, ಸಾಮಾನು ಆಗಲೇ ಹೋಗಿದೆ ಎಂದು. ಬೀದಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ನಾನು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಹಾಗೇ ಕೂತುಬಿಟ್ಟೆ. ಹೊಗೆ ನೋಡಿ ಜನ ಓಡಿ ಬಂದರು.

ಅವರೆಲ್ಲ ಇನ್ನೂ ಬಾಗಿಲಲ್ಲೇ ನಿಂತಿರುವಾಗ ನಿನ್ನ ಅಪ್ಪ ಕೋಟು ಒಯ್ಯಲು ಬಂದರು. ಬೈಯುತ್ತಾಳೆ, ಅಳುತ್ತಾಳೆ, ಕೋಟನ್ನು ಕತ್ತರಿಸಿ ಮುಖಕ್ಕೆ ಎಸೆಯುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ನಾನು ಕೋಟನ್ನು ಮಡಿಸಿ ಕೊಟ್ಟೆ. ಕೊಡುವ ಮುಂಚೆ ಗುಂಡಿಗಳು ಗಟ್ಟಿಯಾಗಿವೆಯಾ ಎಂದು ಒಂದೊಂದನ್ನೂ ಎಳೆದು ನೋಡಿದೆ. ಯಾರೋ ಕಿಸಕ್ಕನೆ ನಕ್ಕರು.

ಸುಟ್ಟ ನೆಲಕ್ಕೆ ನಾಚಿಕೊಂಡು ಚಾಪೆ ಹಾಸಿದೆ ಎಂದುಕೊಂಡಿದ್ದೀಯಾ? ನಾನು ನಾಚಿಕೊಂಡದ್ದು ಆ ಗುಂಡಿ ಎಳೆದು ನೋಡಿದ್ದಕ್ಕೆ. ನೆಲ ಕಂಡಾಗಲೆಲ್ಲ ಆ ನಗು ಕೇಳುತ್ತಿತ್ತು.

ಮೊನ್ನೆ ಪರದೆ ತೂಗುಹಾಕಲು ಕ್ಲಿನಿಕ್ಕಿಗೆ ಹೋದೆ. ಹಲ್ಲುನೋವಿನ ಮುದುಕರೊಬ್ಬರು ಕೆನ್ನೆ ಹಿಡಿದುಕೊಂಡು ಕೂತಿದ್ದರು, ಒಂದು ಕಾಲು ಸರಿಯಾಗಿ ನನ್ನ ಗುರುತಿನ ಮೇಲೆ. ಅವರ ಪಕ್ಕದ ಹೆಂಗಸು ಇನ್ನೊಂದರ ಮೇಲೆ ಚೀಲ ಇಟ್ಟಿದ್ದಳು. ಯಾರಿಗೂ ಏನೂ ಆಗಲಿಲ್ಲ. ನಾನು ಕುರ್ಚಿ ಹತ್ತಿ ಪರದೆ ಹಾಕಿದೆ, ಇಳಿದೆ, ಕಾಲಿಟ್ಟದ್ದು ಮೂರನೆಯದರ ಮೇಲೆ. ನನಗೂ ಏನೂ ಆಗಲಿಲ್ಲ.

ಮನೆಗೆ ಬಂದು ಚಾಪೆ ಎತ್ತಿ ಸುತ್ತಿಟ್ಟೆ. ನಿಂತು ನೋಡಿದೆ. ಸುಟ್ಟದ್ದು ಅಂಗೈಯಷ್ಟು. ಮುಚ್ಚಿಟ್ಟು ಬಿಳಿಚಿದ ಜಾಗ ಒಬ್ಬರು ಮಲಗುವಷ್ಟು. ಬಾಗಿಲಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದೇ. ಇಷ್ಟು ವರ್ಷ ಏನನ್ನು ಕಾಪಾಡಿಕೊಂಡೆನೋ.

ಗುರುತು ತೆಗೆಸಬೇಡ. ಅದು ಹೋಗಲಿ, ಜನರ ಮನೆಯಲ್ಲಿ ಬಿದ್ದಿರಲಿ, ತುಳಿಯುವವರು ತುಳಿಯಲಿ. ನೀನು ನಿನ್ನ ಆಫೀಸಿನ ಆ ಕೋಣೆಗೆ ಹೋಗು, ಅವತ್ತು ನಕ್ಕವರೆಲ್ಲ ಇರುವಾಗ ಹೋಗು. ಆ ಮನೆಯಲ್ಲಿ ಒಬ್ಬಳು ಇದ್ದಾಳೆ ಅಂತ ಹೇಳು. ನನಗೆ ಬೇರೇನೂ ಬೇಡ.

ಅಮ್ಮ


ನವೆಂಬರ್ ೨೭

ಅಮ್ಮಾ,

ಹೇಳಿದೆ.

ಸೋಮವಾರದ ಮೀಟಿಂಗಿನಲ್ಲಿ ಹೊಸ ಮಾದರಿಗಳ ಮಾತು ಮುಗಿಯುತ್ತಿದ್ದ ಹಾಗೆ ಎದ್ದು ನಿಂತೆ. ಏನು ಹೇಳಬೇಕೆಂದು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

"ಆ ಇಸ್ತ್ರಿ ಗುರುತಿನ ನೆಲ ಪಾಳುಮನೆಯದ್ದಲ್ಲ. ನಮ್ಮಮ್ಮನ ಹೊಲಿಗೆ ಕೋಣೆಯದ್ದು. ಅಮ್ಮ ಈಗಲೂ ಅಲ್ಲೇ ಹೊಲೀತಾರೆ. ಅವರನ್ನ ಕೇಳದೆ ತಂದೆ, ಅವರು ಇಲ್ಲ ಅಂತ ಹೇಳಿದೆ."

ಏನೋ ದೊಡ್ಡದಾಗುತ್ತದೆ ಎಂದುಕೊಂಡಿದ್ದೆ. ಕೆಲವರು ತಮ್ಮ ಲೋಟ ನೋಡಿಕೊಂಡರು. ಮೊದಲೇ ಹೇಳಬಹುದಿತ್ತಲ್ಲ ಎಂದರು ಮುಖ್ಯಸ್ಥರು. ನಿನ್ನ ಒಪ್ಪಿಗೆ ಈಗಲಾದರೂ ಬರೆಸಿಕೊಳ್ಳಬೇಕು, ಶೋರೂಮುಗಳಿಗೆ ಆ ಪಾಳುಮನೆಯ ಮಾತು ನಿಲ್ಲಿಸಲು ತಿಳಿಸಬೇಕು ಎಂದರು. ಆಮೇಲೆ ಅಡುಗೆಕಟ್ಟೆಗಳ ವಿಷಯಕ್ಕೆ ಹೋದರು. ಅಷ್ಟೇ. ನಾನು ಎಂಟೊಂಬತ್ತು ತಿಂಗಳು ಹೆದರಿದ್ದು ಇಷ್ಟಕ್ಕೆ.

ಪಕ್ಕದ ಮೇಜಿನವನು ಆಮೇಲೆ ಕೈತೊಳೆಯುವ ಕಡೆ ಸಿಕ್ಕ. ಕಿವಿಯವರೆಗೆ ಕೆಂಪಾಗಿದ್ದ. ಗೊತ್ತಿರಲಿಲ್ಲ, ತಪ್ಪಾಯಿತು ಎಂದ. ಅವನಿಗೆ ಗೊತ್ತಿರಲಿಲ್ಲ, ನಿಜ. ನನಗೆ ಗೊತ್ತಿತ್ತಲ್ಲ. ಆ ಕಲೆಯ ಕಥೆ ಗೊತ್ತಿರಲಿಲ್ಲ, ಆದರೆ ಬೆಕ್ಕಿಲ್ಲ ಎಂದು ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು ಅಮ್ಮ. ಕೇಳಿದರೆ ನೀನು ಅಳುತ್ತೀಯ ಎಂದು ಕೇಳಿರಲಿಲ್ಲ.

ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೇನೂ ಹಗುರಾಗಿಲ್ಲ. ನಿನ್ನ ಮುಖ ನೋಡುವುದು ಇನ್ನೂ ಬಾಕಿ ಇದೆ. ಬರಲಾ?

ಕತ್ತರಿ


ಡಿಸೆಂಬರ್ ೪

ಕತ್ತರೀ,

ಬರಲಾ ಎಂದು ಕೇಳುತ್ತೀಯಲ್ಲ, ಇದೇನು ನೆಂಟರ ಮನೆಯಾ? ಈ ಭಾನುವಾರವಲ್ಲ, ಮುಂದಿನ ಭಾನುವಾರದೊಳಗೆ ಬಾ. ಕಾರಣವಿದೆ.

ಡಾಕ್ಟರ ಹೆಂಡತಿ ದಿಂಬಿನ ಗವಸು ಹೊಲಿಸಲು ಬಂದಿದ್ದರು. ಕೆಳಗೆ ಬಾಗಿಲಲ್ಲೇ ನಿಂತು ಮತ್ತೆ ತಮ್ಮ ನೆಲವನ್ನು ಹೊಗಳಿದರು. ಅದು ನನ್ನ ಮನೆಯ ನೆಲ ಎಂದೆ. ಬಾಯಿಂದ ಬಂದಮೇಲೆ ನಾಲಗೆ ಕಚ್ಚಿಕೊಂಡೆ, ಆದರೆ ಬಂದದ್ದು ಬಂತು. ಅವರು ನಂಬಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗಾದರೆ ಬಂದು ನೋಡಿ ಎಂದೆ. ಆ ಭಾನುವಾರ ಗಂಡನನ್ನೂ ಕರೆದುಕೊಂಡು ಬರುತ್ತಾರಂತೆ.

ಕೋಣೆ ಗುಡಿಸಿಟ್ಟಿದ್ದೇನೆ. ಎರಡು ಸಲ ಚಾಪೆ ತಂದು ಹಾಸಿದೆ, ಎರಡು ಸಲವೂ ಎತ್ತಿದೆ. ಈಗ ಅದನ್ನು ಕೆಳಮನೆಯಾಕೆಯ ಹತ್ತಿರ ಕೊಟ್ಟುಬಂದಿದ್ದೇನೆ, ಕೇಳಿದರೂ ವಾಪಸು ಕೊಡಬೇಡ ಎಂದು. ನನಗೆ ಈಗಲೂ ನಾಚಿಕೆಯೇ.

ಇದು ಹೇಗಾಯಿತು ಎಂದು ಅವರು ಕೇಳಿಯೇ ಕೇಳುತ್ತಾರೆ. ನೀನು ಬಾಯಿ ಹಾಕಬೇಡ, ಬೆಕ್ಕಿನ ಮಾತು ಎತ್ತಬೇಡ. ನಾನೇ ಹೇಳುತ್ತೇನೆ. ಗುಂಡಿ ಎಳೆದು ನೋಡಿದ್ದನ್ನೂ ಹೇಳುತ್ತೇನೆ. ನೀನು ನನ್ನ ಪಕ್ಕದಲ್ಲಿ ಕೂತಿರು, ಸಾಕು.

ಅಮ್ಮ